ಸುಂಕ ಒಕ್ಕೂಟ: ‘ಸಂಪ್ರದಾಯ’ ಎಲ್ಲಿಂದ ಬಂತು?

ಪಕ್ಕದ ಮನೆಯ ಹುಡುಗಿ ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾಳೆ. ಮೊನ್ನೆ ಯಾವುದೋ ಜೆರಾಕ್ಸ್ ನೋಟ್ಸ್ ಹಿಡಿದುಕೊಂಡು ಬಂದಳು. ‘1944ರಲ್ಲಿ ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ಸೇರಿ ಸಂಪ್ರದಾಯಗಳ ಒಕ್ಕೂಟ ರಚಿಸಿಕೊಂಡವು’ ಎಂಬ ಸಾಲಿಗೆ ಹಳದಿ ಬಣ್ಣ ಬಳಿದಿದ್ದಳು. ‘ಅಂಕಲ್, ಮೂರೂ ದೇಶದ ಹಬ್ಬಹರಿದಿನ ಒಂದೇ ಮಾಡಿಕೊಂಡ್ರಾ?’ ಅಂತ ಕೇಳಿದಳು. ಅವಳ ಪ್ರಶ್ನೆಯಲ್ಲಿ ತಪ್ಪಿಲ್ಲ. ಆ ಸಾಲು ಓದಿದ ಯಾರೇ ಆದರೂ ಹಾಗೇ ಕೇಳಬೇಕು. ಈ ‘ಸಂಪ್ರದಾಯ’ವನ್ನು, ಇದರ ಅಣ್ಣ ‘ಪದ್ಧತಿ ಒಕ್ಕೂಟ’ವನ್ನು ನಾನು ನೋಡುತ್ತಿರುವುದು ಇದೇ ಮೊದಲಲ್ಲ. ಸಾಕಾಗಿದೆ.

ಮೂಲದಲ್ಲಿರುವ ಮಾತು ಕಸ್ಟಮ್ಸ್ ಯೂನಿಯನ್. ಕನ್ನಡದಲ್ಲಿ ಅದು ಸುಂಕ ಒಕ್ಕೂಟ. ಅಂದರೆ ತಮ್ಮೊಳಗೆ ಸುಂಕ ಬಿಟ್ಟು, ಹೊರಗಿನ ಸರಕಿಗೆ ಒಂದೇ ದರದ ಸುಂಕ ಹಾಕುವ ದೇಶಗಳ ಕೂಟ.

ಗೊಂದಲಕ್ಕೆ ಕಾರಣ ಇಲ್ಲದಿಲ್ಲ. ಇಂಗ್ಲಿಷಿನಲ್ಲಿ ಕಸ್ಟಮ್ ಅಂದರೆ ವಾಡಿಕೆ. ಹಿಂದೆ ಅಲ್ಲಿನ ದೊರೆಗೋ ಜಮೀನ್ದಾರನಿಗೋ ವಾಡಿಕೆಯಂತೆ ಸಲ್ಲಿಸುತ್ತ ಬಂದ ಹಣಕ್ಕೂ ಅದೇ ಹೆಸರು ಅಂಟಿಕೊಂಡಿತು. ಆಮೇಲೆ ಬಂದರಿನಲ್ಲಿ ಸರಕಿನ ಮೇಲೆ ಹಾಕುವ ತೆರಿಗೆಗೂ ಅದೇ ಉಳಿಯಿತು. ನಮ್ಮ ‘ಮಾಮೂಲು’ ನೋಡಿ. ಎಂದಿನದು, ರೂಢಿಯದು ಎಂಬ ಅರ್ಥದಿಂದ ಹೊರಟು ಕೈಯಿಂದ ಕೈಗೆ ಹೋಗುವ ದುಡ್ಡಿಗೆ ಹೆಸರಾಯಿತಲ್ವಾ? ‘ಅಂಗಡಿಯವನು ತಿಂಗಳಿಗೆ ಐನೂರು ಮಾಮೂಲು ಕೊಡ್ತಾನೆ’ ಎಂಬುದನ್ನು ‘ಐನೂರು ಸಂಪ್ರದಾಯ ಕೊಡ್ತಾನೆ’ ಅಂತ ಯಾರೂ ಬರೆಯುವುದಿಲ್ಲ. ಹಾಗಿದ್ದರೆ ಕಸ್ಟಮ್ಸ್ ವಿಷಯದಲ್ಲಿ ಮಾತ್ರ ಯಾಕೆ ಬರೆಯಬೇಕು?

ಅದೂ ನಮ್ಮಲ್ಲಿ ಪದ ಇಲ್ಲದಿದ್ದರೆ ಕ್ಷಮಿಸಬಹುದಿತ್ತು. ಸಂಸ್ಕೃತದ ಶುಲ್ಕ ಕನ್ನಡದ ಬಾಯಲ್ಲಿ ಸುಂಕವಾಗಿ ಎಷ್ಟೋ ಶತಮಾನ ಆಗಿದೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಪೆರ್ಜುಂಕ’ ಬರುತ್ತದೆ. ಅಂದರೆ ಹಿರಿಯ ಸುಂಕ, ದೊಡ್ಡ ಸುಂಕ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಎಂದು ಬೋರ್ಡು ಹಾಕಿಕೊಂಡ ಬಸ್ಸು ದಿನವೂ ಓಡಾಡುತ್ತದೆ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆ ನಮ್ಮಜ್ಜಿಯ ಬಾಯಲ್ಲಿ ಸದಾ ಇರುತ್ತಿತ್ತು. ಇನ್ನೊಂದು ವಿಷಯ ಗಮನಿಸಿ. ಶುಲ್ಕ, ಸುಂಕ ಎರಡೂ ಕನ್ನಡದಲ್ಲಿ ಉಳಿದುಕೊಂಡವು, ಕೆಲಸ ಹಂಚಿಕೊಂಡವು. ಪರೀಕ್ಷೆಗೆ ಕಟ್ಟುವುದು ಶುಲ್ಕ. ಸರಕು ಗಡಿ ದಾಟುವಾಗ ಕಟ್ಟುವುದು ಸುಂಕ. ಇಷ್ಟು ಚೊಕ್ಕವಾಗಿ ಬೇರೆಯಾದ ಮಾತುಗಳು ಕೈಯಲ್ಲೇ ಇವೆ.

ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಮೂರನ್ನೂ ಸೇರಿಸಿ ಬೆನೆಲಕ್ಸ್ ಅನ್ನುತ್ತಾರೆ. ಅಲ್ಲಿ ಸುಂಕದ ಇಲಾಖೆಗೆ ಇಂಗ್ಲಿಷಿನ ಹೆಸರೇ ಇಲ್ಲ. ಡಚ್ಚರಿಗೂ ಫ್ರೆಂಚ್ ಆಡುವವರಿಗೂ ಅದು ‘ದುವಾನ್’. ಇಟಲಿಯವರ ‘ದೊಗಾನ’ದ ಮೂಲಕ ಬಂದದ್ದು. ಅದರ ಹಿಂದೆ ಇರುವುದು ಅರಬ್ಬಿಯ, ಅದಕ್ಕೂ ಹಿಂದೆ ಪಾರಸಿಯ ‘ದಿವಾನ್’. ಲೆಕ್ಕದ ಪುಸ್ತಕ, ಲೆಕ್ಕ ಬರೆಯುವ ಕಚೇರಿ ಎಂಬ ಅರ್ಥ. ಮೈಸೂರಿನ ದಿವಾನರೂ ಅಲ್ಲಿಂದಲೇ ಬಂದವರು, ನಮ್ಮ ಹಾಲ್‌ನಲ್ಲಿ ಗೋಡೆಗೆ ಒತ್ತಿ ಹಾಕಿರುವ ದಿವಾನವೂ ಅಲ್ಲಿಯದೇ. ಆ್ಯಂಟ್‌ವರ್ಪ್ ಬಂದರಿನ ಸುಂಕದ ಕಚೇರಿ, ಮೈಸೂರಿನ ದಿವಾನಗಿರಿ, ಮಧ್ಯಾಹ್ನ ಅಡ್ಡಾಗುವ ಆ ಮಂಚ, ಮೂರಕ್ಕೂ ಒಂದೇ ಬೇರು. ನನಗೆ ಇದು ಎಷ್ಟು ಸಲ ಹೇಳಿದರೂ ಸಂತೋಷ ಕೊಡುವ ಸಂಗತಿ.

ಪದ ಆಯಿತು. ಅರ್ಥದಲ್ಲಿ ಇದಕ್ಕಿಂತ ಜಾಸ್ತಿ ಗೊಂದಲ ಇದೆ. ಮುಕ್ತ ವ್ಯಾಪಾರ ಒಪ್ಪಂದವನ್ನೂ ಸುಂಕ ಒಕ್ಕೂಟವನ್ನೂ ಒಂದೇ ಎಂದುಕೊಂಡು ಬರೆಯುವವರು ಬಹಳ. ಎರಡರಲ್ಲೂ ಒಳಗಿನ ದೇಶಗಳ ನಡುವೆ ಸುಂಕ ಇರುವುದಿಲ್ಲ, ಅದು ನಿಜ. ವ್ಯತ್ಯಾಸ ಇರುವುದು ಹೊರಗಿನ ಗೋಡೆಯಲ್ಲಿ. ಮುಕ್ತ ವ್ಯಾಪಾರದಲ್ಲಿ ಹೊರಗಿನ ಸರಕಿಗೆ ಪ್ರತಿ ದೇಶ ತನಗೆ ಬೇಕಾದಷ್ಟು ಸುಂಕ ಹಾಕಿಕೊಳ್ಳಬಹುದು. ಸುಂಕ ಒಕ್ಕೂಟದಲ್ಲಿ ಗೋಡೆ ಒಂದೇ, ದರವೂ ಒಂದೇ. ಯಾವ ಬಂದರಿನಲ್ಲಿ ಇಳಿದರೂ ಸರಕು ಒಂದು ಸಲ ಸುಂಕ ಕಟ್ಟಿದರೆ ಮುಗಿಯಿತು.

ಗೋಡೆ ಒಂದೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಭಾರತ, ನೇಪಾಳ ಮುಂತಾದ ದಕ್ಷಿಣ ಏಷ್ಯಾ ದೇಶಗಳ ಸಾಫ್ಟಾ ಒಪ್ಪಂದ 2006ರಲ್ಲಿ ಜಾರಿಗೆ ಬಂತು. ಅದು ಮುಕ್ತ ವ್ಯಾಪಾರ ಪ್ರದೇಶ, ಸುಂಕ ಒಕ್ಕೂಟ ಅಲ್ಲ. ನೇಪಾಳದಲ್ಲಿ ತಾಳೆ ಬೆಳೆಯುವುದಿಲ್ಲ. ಆದರೂ ಅಲ್ಲಿಂದ ಭಾರತಕ್ಕೆ ತಾಳೆ ಎಣ್ಣೆ ಬಂತು. ಹೊರಗಿನಿಂದ ಕಚ್ಚಾ ತಾಳೆ ಎಣ್ಣೆ ತರಿಸಿ, ಅಲ್ಲಿ ಸಂಸ್ಕರಿಸಿ, ಸುಂಕವಿಲ್ಲದೆ ಇಲ್ಲಿಗೆ ಕಳಿಸಿದರು. ನಮ್ಮ ಎಣ್ಣೆ ಗಿರಣಿಯವರು ಗಲಾಟೆ ಮಾಡಿದರು. ಇದಕ್ಕೇ ಮುಕ್ತ ವ್ಯಾಪಾರದ ಪ್ರತಿ ಒಪ್ಪಂದದಲ್ಲೂ ಸರಕು ನಿಜಕ್ಕೂ ಎಲ್ಲಿಯದು ಎಂಬ ಪ್ರಮಾಣಪತ್ರ ಬೇಕಾಗುತ್ತದೆ. ಸುಂಕ ಒಕ್ಕೂಟದ ಒಳಗಡೆ ಆ ಕಾಗದದ ಕಾಟ ಇಲ್ಲ.

ಅದಕ್ಕೆ ಬೆಲೆಯೂ ಇದೆ. ಒಕ್ಕೂಟಕ್ಕೆ ಸೇರಿದ ದೇಶ ಸುಂಕದ ವಿಷಯದಲ್ಲಿ ಒಬ್ಬಂಟಿಯಾಗಿ ಮಾತಾಡುವಂತಿಲ್ಲ. ‘ನೆದರ್ಲೆಂಡ್ಸ್ ಜೊತೆ ಭಾರತ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಳ್ಳಲಿ’ ಎಂದು ಬರೆಯುವವರು ಇದನ್ನು ಮರೆಯುತ್ತಾರೆ. ಅದು ಆಗುವುದೇ ಇಲ್ಲ. ನೆದರ್ಲೆಂಡ್ಸ್ ಈಗ ಯುರೋಪಿಯನ್ ಒಕ್ಕೂಟದ ಸುಂಕ ಒಕ್ಕೂಟದೊಳಗಿದೆ, ಮಾತಾಡಿದರೆ ಇಡೀ ಯುರೋಪಿಯನ್ ಒಕ್ಕೂಟದ ಜೊತೆಗೇ ಮಾತಾಡಬೇಕು. ಬ್ರಿಟನ್ ಹೊರಗೆ ಬಂದದ್ದರಿಂದಲೇ 2025ರ ಜುಲೈನಲ್ಲಿ ನಮ್ಮ ಜೊತೆ ಬೇರೆಯಾಗಿ ಸಹಿ ಹಾಕಲು ಆಯಿತು. ನಾರ್ವೆ ಯುರೋಪಿನ ‘ಏಕ ಮಾರುಕಟ್ಟೆ’ಯ (ಸಿಂಗಲ್ ಮಾರ್ಕೆಟ್) ಒಳಗಿದೆ, ಸುಂಕ ಒಕ್ಕೂಟದ ಹೊರಗಿದೆ. ಟರ್ಕಿ ಯುರೋಪಿಯನ್ ಒಕ್ಕೂಟದ ಸದಸ್ಯ ಅಲ್ಲ, ಆದರೆ ಕಾರ್ಖಾನೆ ಸರಕಿನ ಮಟ್ಟಿಗೆ ಅದರ ಸುಂಕ ಒಕ್ಕೂಟದಲ್ಲಿದೆ. ಈ ಎರಡು ದೇಶ ನೆನಪಿಟ್ಟುಕೊಂಡರೆ ಗೊಂದಲ ಬಹುಪಾಲು ಹೋಗುತ್ತದೆ.

ಇನ್ನು ಹುಡುಗಿಯ ನೋಟ್ಸಿನ ಇಸವಿ. 1944ರ ಸೆಪ್ಟೆಂಬರ್ 5ರಂದು ಸಹಿ ಬಿದ್ದದ್ದು ನಿಜ, ಆದರೆ ಲಂಡನ್ನಿನಲ್ಲಿ. ಮೂರೂ ಸರ್ಕಾರಗಳು ಆಗ ದೇಶ ಬಿಟ್ಟು ಅಲ್ಲಿದ್ದವು. ಬ್ರಸೆಲ್ಸ್ ನಾಜಿಗಳ ಕೈಯಿಂದ ಬಿಡುಗಡೆಯಾಗಿ ಬರೀ ಎರಡು ದಿನ. ನೆದರ್ಲೆಂಡ್ಸ್‌ನಲ್ಲಿ ಇನ್ನೂ ಯುದ್ಧ ನಡೆದಿತ್ತು, ಮುಂದಿನ ಚಳಿಗಾಲದಲ್ಲಿ ಜನ ಹಸಿವಿನಿಂದ ಸತ್ತರು. ಕಾಯಲು ಗಡಿಯೇ ಕೈಯಲ್ಲಿ ಇಲ್ಲದಾಗ ಗಡಿಯ ಸುಂಕ ಬಿಡುತ್ತೇವೆ ಎಂದು ಸಹಿ ಹಾಕಿದವರು ಅವರು. ಬೆಲ್ಜಿಯಂ, ಲಕ್ಸೆಂಬರ್ಗ್ ಎರಡೂ 1921ರ ಒಪ್ಪಂದದಿಂದಲೇ ಸುಂಕದ ವಿಷಯದಲ್ಲಿ ಒಂದಾಗಿದ್ದವು, ಡಚ್ಚರು ಹೊಸದಾಗಿ ಸೇರಿದರು. ಬೆಲ್ಜಿಯಂಗಿಂತ ಡಚ್ಚರ ನಾಡು ಜಾಸ್ತಿ ಹಾಳಾಗಿತ್ತು. ಹಾಗಾಗಿ ಜಾರಿಗೆ ಬರಲು 1948ರ ಜನವರಿ 1ರವರೆಗೆ ಕಾಯಬೇಕಾಯಿತು. ಜನ, ಹಣ, ಸೇವೆ ಎಲ್ಲವೂ ಸಲೀಸಾಗಿ ಓಡಾಡುವ ಆರ್ಥಿಕ ಒಕ್ಕೂಟದ ಒಪ್ಪಂದಕ್ಕೆ ಸಹಿಯಾದದ್ದು 1958ರ ಫೆಬ್ರವರಿ 3ರಂದು, ಹೇಗ್ ನಗರದಲ್ಲಿ. ಅದು ಜಾರಿಗೆ ಬಂದದ್ದು 1960ರಲ್ಲಿ. 1944ರದು ಸುಂಕ ಒಕ್ಕೂಟ, 1958ರದು ಆರ್ಥಿಕ ಒಕ್ಕೂಟ. ಎರಡನ್ನೂ ‘ಬೆನೆಲಕ್ಸ್ ಒಪ್ಪಂದ’ ಎಂದು ಒಂದೇ ಸಾಲಿನಲ್ಲಿ ತುರುಕಬೇಡಿ.

ಸುಂಕ ಒಂದಾದರೆ ತೆರಿಗೆಯೆಲ್ಲ ಒಂದಾಯಿತು ಅಂತಲೂ ಅಲ್ಲ. ಬೆಲ್ಜಿಯಂ ಮತ್ತು ಲಕ್ಸೆಂಬರ್ಗ್ ಗಡಿಯಲ್ಲಿ ಮಾರ್ಟೆಲಾಂಜ್ ಎಂಬ ಊರಿದೆ. ಹೆದ್ದಾರಿಯ ಒಂದು ಬದಿ ಬೆಲ್ಜಿಯಂ, ಇನ್ನೊಂದು ಬದಿ ಲಕ್ಸೆಂಬರ್ಗ್. ಈ ಎರಡು ದೇಶಗಳ ಸುಂಕ ಒಂದಾಗಿ ನೂರು ವರ್ಷ ದಾಟಿದೆ. ಆದರೆ ಪೆಟ್ರೋಲ್, ಸಿಗರೇಟು, ಮದ್ಯದ ಮೇಲಿನ ಅಬಕಾರಿ ತೆರಿಗೆ ಇವತ್ತಿಗೂ ಬೇರೆ ಬೇರೆ. ಲಕ್ಸೆಂಬರ್ಗ್ ಬದಿಯಲ್ಲಿ ಸಾಲಾಗಿ ಪೆಟ್ರೋಲ್ ಬಂಕುಗಳು. ಬೆಲ್ಜಿಯಂ ನಂಬರಿನ ಕಾರುಗಳು ರಸ್ತೆ ದಾಟಿ ಹೋಗಿ ಟ್ಯಾಂಕ್ ತುಂಬಿಸಿಕೊಂಡು ವಾಪಸ್ ಬರುತ್ತವೆ.