ಇಂಡೋನೇಷ್ಯಾದ ಗೇಮಿನೊಳಗೆ ನಮ್ಮ ಬಸ್ಸು ಹೇಗೆ ಬಂತು?

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ಮೊಬೈಲಿನಲ್ಲಿ ಬಸ್ ಓಡಿಸುವ ಗೇಮ್ ಆಡುತ್ತಾನೆ. ಮೊನ್ನೆ ಇಣುಕಿ ನೋಡಿದರೆ ನಮ್ಮ ವಾಯವ್ಯ ಸಾರಿಗೆ ಬಸ್ಸು! ಕನ್ನಡ ಬೋರ್ಡು, ಕೆಎ 27 ನಂಬರು. ಗೇಮ್ ಮಾತ್ರ ಇಂಡೋನೇಷ್ಯಾದ್ದಂತೆ. ಅಲ್ಲಿನವರಿಗೆ ಹಾವೇರಿ ಬಸ್ಸು ಹೇಗೆ ಗೊತ್ತಾಯಿತು?
– ಹಾವೇರಿಯ ಓದುಗರೊಬ್ಬರು

ಅಲ್ಲಿನವರಿಗೆ ಗೊತ್ತಾಗಿಲ್ಲ. ಆ ಬಸ್ಸನ್ನು ಮಾಡಿ ಒಳಗೆ ಕೂರಿಸಿದವರು ನಮ್ಮ ಕಡೆಯ ಹುಡುಗರೇ. ಇದಕ್ಕೆ ‘ಮಾಡ್’ ಅನ್ನುತ್ತಾರೆ. ನನ್ನ ಅಕ್ಕನ ಮಗನೂ ಇದೇ ಪೈಕಿ. ಏನು ಮಾಡಾಕತ್ತಿ ಅಂತ ಕೇಳಿದರೆ ‘ಮಾಡ್ ಮಾಡಾಕತ್ತೇನಿ ಮಾಮಾ’ ಅನ್ನುತ್ತಾನೆ. ಮೊದಮೊದಲು ನನ್ನನ್ನೇ ಅಣಕಿಸುತ್ತಿದ್ದಾನೆ ಅಂದುಕೊಂಡಿದ್ದೆ.

ನಿಮ್ಮ ಮಗ ಆಡುತ್ತಿರುವುದು ಬಹುಶಃ ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’. ಹುಡುಗರ ಬಾಯಲ್ಲಿ ಅದು ‘ಬಸ್ಸಿಡ್’. ಮಾಲಿಯೊ ಎಂಬ ಅಲ್ಲಿನ ಕಂಪನಿ 2017ರಲ್ಲಿ ಬಿಟ್ಟ ಆಟ. ಅದಕ್ಕೂ ಸ್ವಲ್ಪ ಮುಂಚೆ, 2016ರ ಡಿಸೆಂಬರ್‌ನಲ್ಲಿ, ಜಾವಾದ ಹುಡುಗರು ರಸ್ತೆ ಬದಿ ನಿಂತು ಬಸ್ ಡ್ರೈವರ್‌ಗಳಿಗೆ ‘ಓಂ ತೆಲೊಲೆತ್ ಓಂ’ ಎಂದು ಕೂಗುವ ವಿಡಿಯೊಗಳು ಜಗತ್ತೆಲ್ಲ ಓಡಾಡಿದ್ದವು. ಈ ಓಂ ನಮ್ಮ ಓಂಕಾರವಲ್ಲ. ಡಚ್ಚರ ಕಾಲದಿಂದ ಉಳಿದ ಮಾತು, ಕಾಕಾ ಅಂತ ಅರ್ಥ. ತೆಲೊಲೆತ್ ಅಂದರೆ ಅಲ್ಲಿನ ರಾಗದ ಹಾರ್ನಿನ ಸದ್ದು. ‘ಕಾಕಾ, ಹಾರ್ನ್ ಹೊಡೀರಿ ಕಾಕಾ’ ಅಂದಂತೆ. ಪಿ.ಬಿ. ರೋಡಿನ ಬದಿ ನಿಂತು ಲಾರಿಗೆ ಕೈ ಬೀಸಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಹಾರ್ನು ಗೇಮಿನಲ್ಲೂ ಇದೆ. ನಮ್ಮಲ್ಲಿ ಹಲವು ಸ್ವರದ ಹಾರ್ನಿಗೆ ಮೋಟಾರು ವಾಹನ ನಿಯಮದ ಪ್ರಕಾರ ನಿಷೇಧ, ಮೊಬೈಲಿನಲ್ಲಿ ಹಿಡಿಯುವವರಿಲ್ಲ.

ಹುಡುಗರು ಈ ಗೇಮನ್ನೇ ಯಾಕೆ ಹಿಡಿದರು? ನನಗೆ ಕಾಣುವ ದೊಡ್ಡ ಕಾರಣ ತೀರಾ ಸಾದಾ. ಇಂಡೋನೇಷ್ಯಾದಲ್ಲೂ ನಮ್ಮ ಹಾಗೇ ರಸ್ತೆಯ ಎಡಕ್ಕೆ ಗಾಡಿ ಓಡುತ್ತವೆ, ಸ್ಟೀರಿಂಗ್ ಬಲಕ್ಕಿರುತ್ತದೆ. ಭತ್ತದ ಗದ್ದೆ, ರಸ್ತೆಗೆ ಅಂಟಿದ ಅಂಗಡಿ, ಸಂದಿಯಲ್ಲಿ ನುಗ್ಗುವ ಬೈಕು ಎಲ್ಲವೂ ಪರಿಚಿತ. ದುಬಾರಿ ಕಂಪ್ಯೂಟರ್ ಬೇಡ, ಮೊಬೈಲ್ ಸಾಕು. ಎಲ್ಲಕ್ಕಿಂತ ಹೆಚ್ಚಾಗಿ, ನಿಮ್ಮ ಬಸ್ಸು ನೀವೇ ಹಾಕಿಕೊಳ್ಳಿ ಎಂದು ಗೇಮ್ ಮಾಡಿದವರೇ ಬಾಗಿಲು ತೆರೆದಿಟ್ಟಿದ್ದಾರೆ.

ಹಾಕಿಕೊಳ್ಳುವುದರಲ್ಲಿ ಎರಡು ಬಗೆ. ಸುಲಭದ್ದು ಲಿವರಿ, ಅಂದರೆ ಬಸ್ಸಿನ ಮೈಬಣ್ಣ. ಫ್ರಿಜ್ ಬಂದ ರಟ್ಟಿನ ಡಬ್ಬಿಯ ಅಂಚು ಕೊಯ್ದು ನೆಲಕ್ಕೆ ಹಾಸಿದರೆ ಹೇಗೆ ಕಾಣುತ್ತದೋ, ಹಾಗೆ ಬಸ್ಸಿನ ಮೈಯನ್ನು ಬಿಚ್ಚಿ ಹರವಿದ ಒಂದು ಪಿಎನ್‌ಜಿ ಚಿತ್ರ ಅದು. ಎಡಮೈ ಒಂದು ಕಡೆ, ಹಿಂಭಾಗ ಇನ್ನೊಂದು ಕಡೆ. ಅದರ ಮೇಲೆ ವೇಗದೂತದ ಕೆಂಪು ಬಳಿದು, ಹೆಸರು ಬರೆದು, ನಂಬರ್ ಹಾಕಿ ಗೇಮಿಗೆ ಕೊಟ್ಟರೆ ಅದು ಮತ್ತೆ ಡಬ್ಬಿಯಾಗಿ ಮಡಚಿಕೊಳ್ಳುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಎರಡೂ ಮೈಗೆ ಒಂದೇ ಚಿತ್ರ ತಿರುಗಿಸಿ ಅಂಟಿಸಿರುತ್ತಾರೆ. ಆಗ ಒಂದು ಕಡೆ ಸರಿಯಿದ್ದ ಅಕ್ಷರ ಇನ್ನೊಂದು ಕಡೆ ಕನ್ನಡಿಯಲ್ಲಿ ಕಂಡಂತೆ ಉಲ್ಟಾ.

ಅಕ್ಷರದ ಮಾತು ಬಂತು, ಸ್ವಲ್ಪ ಇಲ್ಲೇ ನಿಲ್ಲುತ್ತೇನೆ. ಮೊಬೈಲಿನಲ್ಲಿ ಚಿತ್ರ ಮಾಡುವ ಎಷ್ಟೋ ಆ್ಯಪ್‌ಗಳಿಗೆ ಕನ್ನಡದ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ಧಾರವಾಡ, ಗದಗ, ಹಾವೇರಿ ಬರೆದರೆ ತಂಟೆಯಿಲ್ಲ, ಮೂರರಲ್ಲೂ ಒತ್ತಿಲ್ಲ. ತಂಟೆ ಹುಬ್ಬಳ್ಳಿಯದು. ಎರಡು ಒತ್ತು, ಎರಡೂ ಕೆಳಗಿಳಿಯದೆ ‘ಹುಬ್‌ಬಳ್‌ಳಿ’ ಎಂದು ಸಾಲಾಗಿ ನಿಲ್ಲುತ್ತವೆ. ಲಕ್ಷ್ಮೇಶ್ವರದ ಬಸ್ಸು ಮಾಡಲು ಹೋದವನ ಪಾಡು ನೀವೇ ಊಹಿಸಿ. ಹುಡುಗರು ಇದಕ್ಕೆ ಕಂಡುಕೊಂಡ ಉಪಾಯ: ಬಸ್ ಸ್ಟ್ಯಾಂಡಿಗೆ ಹೋಗಿ ನಿಜವಾದ ಬೋರ್ಡಿನ ಫೋಟೊ ಹೊಡೆದು, ಅಕ್ಷರವಷ್ಟನ್ನೇ ಕತ್ತರಿಸಿ ಅಂಟಿಸುವುದು. ಪೇಂಟರ್ ಕೈಬರಹದ ಸೊಟ್ಟೂ ಹಾಗೇ ಗೇಮಿಗೆ ಹೋಗುತ್ತದೆ. ಅದಿದ್ದರೇ ‘ಒರಿಜಿನಲ್’ ಅಂತ ಲೆಕ್ಕ.

ಎರಡನೇ ಬಗೆ ಕಷ್ಟದ್ದು, ಬಸ್ಸನ್ನೇ ತ್ರೀಡಿಯಲ್ಲಿ ಕಟ್ಟುವುದು. ಬ್ಲೆಂಡರ್, ಝೆಡ್‌ಮಾಡೆಲರ್‌ನಂಥ ಸಾಫ್ಟ್‌ವೇರ್ ಕಲಿತವರ ಕೆಲಸ. ನಮ್ಮ ಚಿಗರಿಯನ್ನೇ ನೋಡಿ. ಹುಬ್ಬಳ್ಳಿ–ಧಾರವಾಡದ ನಡುವೆ ಸುಮಾರು 22 ಕಿ.ಮೀ. ಪ್ರತ್ಯೇಕ ಪಥದಲ್ಲಿ 2018ರ ಅಕ್ಟೋಬರ್‌ನಿಂದ ಓಡುತ್ತಿರುವ ಬಿಆರ್‌ಟಿಎಸ್ ಬಸ್ಸು. ನಿಲ್ದಾಣಗಳು ರಸ್ತೆಯ ನಡುವೆ, ಹಾಗಾಗಿ ಬಲಗಡೆಯೂ ಬಾಗಿಲು ಬೇಕು. ಗೇಮಿನ ಬಸ್ಸುಗಳಲ್ಲಿ ಹತ್ತುವ ಬಾಗಿಲು ಎಡಕ್ಕೆ. ಬರೀ ಬಣ್ಣ ಬಳಿದರೆ ಅದು ಚಿಗರಿಯ ವೇಷ ಹಾಕಿದ ಬೇರೆ ಬಸ್ಸಾಗುತ್ತದೆ, ಮತ್ತು ಕಮೆಂಟಿನಲ್ಲಿ ‘ಬಲಗಡೆ ಡೋರ್ ಎಲ್ಲಿ ಅಣ್ಣಾ’ ಅಂತ ಮೊದಲ ಪ್ರಶ್ನೆ ಬೀಳುತ್ತದೆ.

ಈ ಬಳಗದ ರುಚಿ ಇರುವುದು ಇಂಥ ತಕರಾರುಗಳಲ್ಲೇ. ವಾಯವ್ಯ ಸಾರಿಗೆ ಸಂಸ್ಥೆ 1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆಯಾಗಿ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಮಾಡಿತು; ಬೆಂಗಳೂರು ಕಡೆಯ ಲಾಂಛನ ಹಾಕಿ ಗದಗ ಬಸ್ಸು ಅಂದರೆ ಹುಡುಗರು ಒಪ್ಪುವುದಿಲ್ಲ. ಗದಗ ವಿಭಾಗವಾದರೆ ಕೆಎ 26 ಎಫ್ ಇರಬೇಕು, ಹಾವೇರಿಯಾದರೆ 27 ಎಫ್. ಎಫ್ ಬಿಟ್ಟರೆ ಖಾಸಗಿ ಬಸ್ಸಾಯಿತು! ಒಬ್ಬ ಮಾಡಿದ ಲಿವರಿಗೆ ಇನ್ನೊಬ್ಬ ತನ್ನ ಹೆಸರು ಹಾಕಿ ಹಂಚಿದರೆ ದೊಡ್ಡ ಜಗಳ. ಅದಕ್ಕೇ ಫೈಲಿಗೆ ಪಾಸ್‌ವರ್ಡ್ ಹಾಕಿ, ಪಾಸ್‌ವರ್ಡನ್ನು ತಮ್ಮ ಯೂಟ್ಯೂಬ್ ವಿಡಿಯೊದ ನಡುವೆ ಎಲ್ಲೋ ಅಡಗಿಸಿಡುತ್ತಾರೆ. ಭಾನುವಾರ ರಾತ್ರಿ ‘ಕಾನ್ವಾಯ್’, ಹಲವು ಮಂದಿ ಒಟ್ಟಿಗೆ ಆನ್‌ಲೈನ್ ಬಂದು ಸಾಲಾಗಿ ಬಸ್ ಓಡಿಸುವುದು. ನಾನು ಅಕ್ಕನ ಮಗನ ಪಕ್ಕ ಕೂತು ಒಂದು ನೋಡಿದೆ. ಹುಬ್ಬಳ್ಳಿ–ಅಣ್ಣಿಗೇರಿ–ಗದಗ ಬೋರ್ಡಿನ ಕೆಂಪು ಬಸ್ಸು ಸುರಬಾಯಾ ದಾರಿ ಹಿಡಿದು ಹೊರಟಿತ್ತು. ‘ಅಣ್ಣಿಗೇರಿ ಯಾವಾಗ ಬರ್ತೈತಿ?’ ಅಂದೆ. ಯಾರೂ ನಗಲಿಲ್ಲ.

ನಿಮಗೆ ಒಂದೇ ಎಚ್ಚರಿಕೆ. ಲಿವರಿ ಬರೀ ಚಿತ್ರ, ಅದರಿಂದ ಅಪಾಯವಿಲ್ಲ. ಆದರೆ ರಸ್ತೆಯ ಇತರ ಗಾಡಿಗಳೂ ನಮ್ಮವೇ ಇರುವ ಗೇಮ್ ಅಂತ ಯಾರೋ ತಿದ್ದಿದ ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ನೇರ ಫೋನಿಗೆ ಹಾಕುವ ಆ್ಯಪ್) ಕೊಡುತ್ತಾರಲ್ಲ, ಅದನ್ನು ಹಾಕಿಸಬೇಡಿ. ಒಳಗೆ ಇನ್ನೇನು ಸೇರಿಸಿದ್ದಾರೋ ತಿಳಿಯುವುದಿಲ್ಲ. ಅದೇ ಫೋನಿನಲ್ಲಿ ನಿಮ್ಮ ಫೋನ್‌ಪೇ ಇದ್ದರಂತೂ ಬೇಡವೇ ಬೇಡ.

ಇದನ್ನು ಬರೆಯುತ್ತಿದ್ದೇನೆಂದು ತಿಳಿದು ಅಕ್ಕನ ಮಗ ಒಂದು ಕೋರಿಕೆ ಸೇರಿಸಲು ಹೇಳಿದ್ದಾನೆ. ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಲಕ್ಷ್ಮೇಶ್ವರ ಬೋರ್ಡಿನ ಬಸ್ಸು ಕಂಡರೆ ಒಂದು ಫೋಟೊ ಬೇಕಂತೆ. ‘ವಾರೆಯಾಗಿ ಬ್ಯಾಡ ಅಂತ ಹೇಳು ಮಾಮಾ, ನೆಟ್ಟಗ ಎದುರಿಗೆ ನಿಂತು. ಒತ್ತು ಕಟ್ ಆಗಬಾರದು.’