ಕಲೆ ತೆಗೆಯುವ ನೀರು: ಎಲ್ಲವನ್ನೂ ಒಂದೇ ಬಾಟಲಿಗೆ ಸುರಿಯಲು ಆಗುವುದಿಲ್ಲ

ಮಂಡ್ಯದಲ್ಲಿ ನೆಂಟರ ಮದುವೆ ಊಟ. ಸಾಂಬಾರು ಬಡಿಸುವಾಗ ಅರ್ಧ ಸೌಟು ನಮ್ಮ ಸೋದರಮಾವನ ಬಿಳಿ ಪಂಚೆಯ ಮೇಲೆ ಬಿತ್ತು. ಮಾವ ಎದ್ದು ಹೋಗಿ ಬಟ್ಟೆ ಸೋಪು ಹಾಕಿ ಉಜ್ಜಿದರು. ಹಳದಿ ಕಲೆ ಕಣ್ಣೆದುರೇ ಕೆಂಪಾಯಿತು. ಪಂಚೆ ಹಾಳಾಯಿತು ಅಂತ ಅವರಿಗೆ ಗಾಬರಿ.

ಹಾಳಾಗಿರಲಿಲ್ಲ. ಆರತಿಯ ಓಕುಳಿ ನೆನಪಿಸಿಕೊಳ್ಳಿ. ಅರಿಶಿನದ ನೀರಿಗೆ ಚೂರು ಸುಣ್ಣ ಕದಡಿದರೆ ಕೆಂಪಾಗುತ್ತದೆ ಅಲ್ವಾ, ಇದೂ ಅದೇ. ಅರಿಶಿನದಲ್ಲಿ ಬಣ್ಣ ಕೊಡುವುದು ಕರ್ಕ್ಯುಮಿನ್. ಹುಳಿ ಇದ್ದರೆ ಅದು ಹಳದಿ, ಕ್ಷಾರ ಇದ್ದರೆ ಕೆಂಪು. ಸುಣ್ಣವೂ ಕ್ಷಾರ, ಬಟ್ಟೆ ಸೋಪೂ ಕ್ಷಾರ. ಹುಳಿ-ಕ್ಷಾರದ ಅಳತೆಯಾದ ಪಿಎಚ್ (7 ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ) ಸುಮಾರು 8 ದಾಟಿದರೆ ಬಣ್ಣ ತಿರುಗಲು ಶುರು. ಮೇಲೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಕಲೆ ಮಾತ್ರ ಎಲ್ಲೂ ಹೋಗಿರುವುದಿಲ್ಲ.

ಮೈಸೂರಿಗೆ ವಾಪಸ್ ಬಂದ ಮೇಲೆ ಕಲೆ ತೆಗೆಯುವ ದ್ರಾವಣ ನಾನೇ ಮಾಡಿ ನೋಡೋಣ ಅನ್ನಿಸಿತು. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್ ಯಾವುದೂ ಬೇಡ. ಬೆಂಕಿ ಹತ್ತುವ ವಸ್ತು ಮನೆಯ ಬಚ್ಚಲಲ್ಲಿ ಯಾಕೆ? ನೀರೇ ಮುಖ್ಯವಾಗಿರಬೇಕು ಅಂತ ಹಟ ಹಿಡಿದೆ.

ನೀರಿಗೆ ಒಂದು ತೊಂದರೆ ಇದೆ, ಅದು ತನ್ನನ್ನೇ ತಾನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಎಣ್ಣೆ ಬಿದ್ದ ಬಟ್ಟೆಯ ಮೇಲೆ ಒಂದು ಹನಿ ಹಾಕಿ ನೋಡಿ, ಕೆಸುವಿನ ಎಲೆ ಮೇಲಿನ ಹನಿಯ ಹಾಗೆ ಉಂಡೆಯಾಗಿ ಕೂರುತ್ತದೆ. ಈ ಬಿಗಿತವನ್ನು ಅಳೆದರೆ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಸರ್ಫ್ಯಾಕ್ಟಂಟ್ ಅನ್ನುವ ವಸ್ತು ಸ್ವಲ್ಪ ಬೆರೆತರೆ ಸಾಕು, ಅದು 30ರ ಆಸುಪಾಸಿಗೆ ಇಳಿದು ನೀರು ನೂಲಿನ ಸಂದಿಗೆ ನುಗ್ಗುತ್ತದೆ. ಸರ್ಫ್ಯಾಕ್ಟಂಟಿನ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ಎಣ್ಣೆ ಇಷ್ಟ. ಬಾಲಗಳೆಲ್ಲ ಸೇರಿ ಜಿಡ್ಡನ್ನು ಸುತ್ತಿಕೊಂಡು ನೀರಿಗೆ ಎಳೆದು ತರುತ್ತವೆ. ನಮ್ಮ ಸೀಗೆಕಾಯಿ, ಅಂಟುವಾಳದಲ್ಲಿ ನೊರೆ ಬರಿಸುವ ಸಪೋನಿನ್ ಮಾಡುವುದೂ ಇದೇ ಕೆಲಸ.

ಆದರೆ ಸಾಂಬಾರಿನ ಕಲೆ ಒಂದೇ ಕಲೆಯಲ್ಲ. ಒಗ್ಗರಣೆಯ ಎಣ್ಣೆ, ಬೇಳೆಯ ಪ್ರೋಟೀನು, ಬೇಳೆಯದೇ ಪಿಷ್ಟ, ಮೇಲೆ ಅರಿಶಿನ. ಎಣ್ಣೆಗೆ ಸರ್ಫ್ಯಾಕ್ಟಂಟ್ ಸಾಕು. ಪ್ರೋಟೀನು ಕತ್ತರಿಸಲು ಪ್ರೋಟಿಯೇಸ್ ಅನ್ನುವ ಕಿಣ್ವ ಬೇಕು, ಪಿಷ್ಟಕ್ಕೆ ಅಮೈಲೇಸ್. ಬಣ್ಣ ಮುರಿಯಲು ಹೈಡ್ರೋಜನ್ ಪೆರಾಕ್ಸೈಡ್. ಹಾಗಾದರೆ ಎಲ್ಲವನ್ನೂ ಒಂದೇ ಬಾಟಲಿಗೆ ಸುರಿದರಾಯಿತು ಅಂತ ನಾನೂ ಅಂದುಕೊಂಡೆ.

ಅಲ್ಲೇ ಜಗಳ ಶುರುವಾಗುವುದು. ಅಮೈಲೇಸ್ ಕೂಡ ಒಂದು ಪ್ರೋಟೀನೇ, ಹಾಗಾಗಿ ಪ್ರೋಟಿಯೇಸ್ ಕಲೆ ಸಿಗುವ ತನಕ ಕಾಯದೆ ಅದನ್ನೇ ತಿನ್ನುತ್ತದೆ, ಅದು ಮುಗಿದರೆ ತನ್ನನ್ನೂ ತಿಂದುಕೊಳ್ಳುತ್ತದೆ. ಪೆರಾಕ್ಸೈಡ್ ಎರಡನ್ನೂ ಕೆಡಿಸುತ್ತದೆ. ಪೆರಾಕ್ಸೈಡ್ ಹುಳಿ ದ್ರಾವಣದಲ್ಲಿ ನೆಮ್ಮದಿಯಾಗಿರುತ್ತದೆ, ಕ್ಷಾರ ಸಿಕ್ಕಿದರೆ ಒಡೆದು ಆಮ್ಲಜನಕ ಬಿಡುತ್ತದೆ, ಬಿಗಿ ಮುಚ್ಚಳದ ಬಾಟಲಿಯಾದರೆ ಉಬ್ಬಿ ಸಿಡಿಯಲೂಬಹುದು. ಗಡಸು ನೀರಿಗೆ ಅಂತ ಸೋಡಿಯಂ ಸಿಟ್ರೇಟ್ ಹಾಕಿದರೆ ಅದು ಕ್ಯಾಲ್ಸಿಯಂ ಹಿಡಿದಿಡುತ್ತದೆ, ಆದರೆ ಈ ಕಿಣ್ವಗಳಿಗೆ ಆಕಾರ ಉಳಿಸಿಕೊಳ್ಳಲು ಅದೇ ಕ್ಯಾಲ್ಸಿಯಂ ಬೇಕು.

ಬಟ್ಟೆಗೆ ಕಿಣ್ವ ಬಳಸುವ ಯೋಚನೆ ಹಳೆಯದು. ಜರ್ಮನಿಯ ಓಟೊ ರೋಮ್ 1913ರಲ್ಲೇ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವಕ್ಕೆ ಪೇಟೆಂಟ್ ಪಡೆದರು. ಸೋಪಿನ ಕ್ಷಾರದಲ್ಲಿ ಅದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. 1960ರ ದಶಕದಲ್ಲಿ ಕ್ಷಾರ ತಡೆಯುವ ಬ್ಯಾಕ್ಟೀರಿಯಾದ ಪ್ರೋಟಿಯೇಸ್ ಬಂದ ಮೇಲೆ ಇದು ಮನೆಮನೆಗೆ ತಲುಪಿತು. ಸೋಪಿನ ಪುಡಿಯಲ್ಲಿ ಎಲ್ಲವೂ ಒಣಗಿರುವುದರಿಂದ ಯಾರೂ ಯಾರ ತಂಟೆಗೂ ಹೋಗುವುದಿಲ್ಲ. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಬೋರಾನ್ ಸಂಯುಕ್ತ ಸೇರಿಸಿ ಪ್ರೋಟಿಯೇಸನ್ನು ಮಲಗಿಸಿರುತ್ತಾರೆ. ಬಕೆಟ್ ನೀರಿಗೆ ಬಿದ್ದಾಗ ಅದು ಎಚ್ಚರವಾಗುತ್ತದೆ.

ನಾನು ಕಿಣ್ವವನ್ನೂ ಪೆರಾಕ್ಸೈಡನ್ನೂ ಬಾಟಲಿಯಿಂದ ಹೊರಗಿಟ್ಟೆ. 100 ಭಾಗದಲ್ಲಿ ಸುಮಾರು 90 ನೀರು, 5 ಭಾಗ ವಿದ್ಯುದಂಶ ಇಲ್ಲದ ಸರ್ಫ್ಯಾಕ್ಟಂಟ್, 2 ಭಾಗ ಸಿಟ್ರೇಟ್, ಉಳಿದದ್ದು ಐಸೊಪ್ರೊಪೈಲ್ ಆಲ್ಕೋಹಾಲ್, ಕೆಡದಂತೆ ಇಡುವ ಪದಾರ್ಥ. ಆ ಪದಾರ್ಥ ಸುಮ್ನೆ ಅಂತ ಬಿಡಬೇಡಿ. ಅದಿಲ್ಲದ ನನ್ನ ಮೊದಲ ಬಾಟಲಿ ಕೆಲವೇ ದಿನದಲ್ಲಿ ವಾಸನೆ ಹೊಡೆಯಿತು, ನೀರಿದ್ದಲ್ಲಿ ಬ್ಯಾಕ್ಟೀರಿಯಾ ಇರುತ್ತದೆ. ಪಿಎಚ್ 7ರ ಹತ್ತಿರ ನಿಲ್ಲಿಸಿದೆ. ಹೀಗಾದರೆ ಅರಿಶಿನ ಕೆಂಪಾಗುವುದಿಲ್ಲ.

ಸಿಟ್ರೇಟ್ ಹಾಕಿದ್ದು ಮಂಡ್ಯ ಕಡೆಯ ಬೋರ್‌ವೆಲ್ ನೀರು ನೆನೆಸಿಕೊಂಡು. ನಾಲೆ ನೀರಲ್ಲಿ ನೊರೆ ಕೊಡುವ ಸೋಪು ಬೋರ್ ನೀರಲ್ಲಿ ಬಿಳಿ ಗಸಿಯಾಗಿ ಬಟ್ಟೆಗೇ ಅಂಟುತ್ತದೆ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ.

ಕಿಣ್ವ ಬಿಡಲು ಇನ್ನೊಂದು ಕಾರಣ ರೇಷ್ಮೆ. ನಮ್ಮೂರಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾದದ್ದು 1912ರಲ್ಲಿ, ಮೈಸೂರು ಸಿಲ್ಕ್ ಸೀರೆ ಇಲ್ಲದ ಬೀರು ಇಲ್ಲಿ ಕಡಿಮೆ. ರೇಷ್ಮೆಯ ನೂಲು ಫೈಬ್ರಾಯಿನ್ ಅನ್ನುವ ಪ್ರೋಟೀನು. ಪ್ರೋಟಿಯೇಸಿಗೆ ಬೇಳೆಯೂ ಒಂದೇ, ಸೀರೆಯೂ ಒಂದೇ. ವಾಷಿಂಗ್ ಸೋಡಾ, ಕ್ಲೋರಿನ್ ಬ್ಲೀಚ್ ಕೂಡ ರೇಷ್ಮೆಗೆ ಶತ್ರು. ಆ ಬ್ಲೀಚಿಗೆ ನಿಂಬೆರಸವನ್ನೋ ವಿನೆಗರನ್ನೋ ಬೆರೆಸಲೇಬೇಡಿ, ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಜರಿ ಸೀರೆಯಾದರೆ ನನ್ನ ದ್ರಾವಣವನ್ನೂ ಹಾಕಬೇಡಿ, ಡ್ರೈಕ್ಲೀನಿಂಗಿಗೆ ಕೊಡಿ. ಬೇರೆ ಬಟ್ಟೆಗಾದರೂ ಮೊದಲು ಒಳ ಅಂಚಿಗೆ ಒಂದು ಹನಿ ಹಾಕಿ ಬಣ್ಣ ಬಿಡುತ್ತದಾ ನೋಡಿ.

ಮಾವನ ಪಂಚೆಗೆ ಬರೋಣ. ಕಲೆಯ ಹಿಂಬದಿಯಿಂದ ದ್ರಾವಣ ಹಾಕಿ, ಕೆಳಗೆ ಹಳೇ ಬಟ್ಟೆ ಇಟ್ಟು ಒತ್ತಿದೆ. ಉಜ್ಜಿದರೆ ಕಲೆ ಹರಡುತ್ತದೆ, ಒತ್ತಿದರೆ ಕೆಳಗಿನ ಬಟ್ಟೆಗೆ ಇಳಿಯುತ್ತದೆ. ಎರಡು ಸಲಕ್ಕೆ ಜಿಡ್ಡು ಹೋಯಿತು, ಅರಿಶಿನದ ನೆರಳು ಉಳಿಯಿತು. ಕರ್ಕ್ಯುಮಿನ್ ನೀರಲ್ಲಿ ಕರಗುವುದೇ ಇಲ್ಲ ಅನ್ನಬೇಕು, ಹತ್ತಿಯ ನೂಲನ್ನಂತೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆದರೆ ಬೆಳಕು ಬಿದ್ದರೆ ಒಡೆಯುತ್ತದೆ. ಪಂಚೆಯನ್ನು ಒದ್ದೆಯಲ್ಲೇ ಮಹಡಿ ಮೇಲೆ ಬಿಸಿಲಿಗೆ ಹರವಿದೆ. ಸಂಜೆ ಮಡಚುವಾಗ ಕಲೆ ಎಲ್ಲಿತ್ತು ಅಂತ ಹುಡುಕಬೇಕಾಯಿತು.