ಬರದ ಸೀಮೆಗೆ ಸೊಳ್ಳೆಜ್ವರ ಬಂದ ದಾರಿ

2006ರಲ್ಲಿ ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ ಸೊಳ್ಳೆಯಿಂದ ಹರಡುವ ಚಿಕುನ್‌ಗುನ್ಯಾ ಬಂದು ಮನೆಮಂದಿಯೆಲ್ಲ ಒಟ್ಟಿಗೇ ಹಾಸಿಗೆ ಹಿಡಿದದ್ದನ್ನು ನಲವತ್ತು ದಾಟಿದವರು ಇನ್ನೂ ಮರೆತಿಲ್ಲ. ಜ್ವರ ಕೆಲವೇ ದಿನಗಳಲ್ಲಿ ಇಳಿಯುತ್ತಿತ್ತು. ಆದರೆ ಮಣಿಕಟ್ಟು, ಮಂಡಿ, ಹಿಮ್ಮಡಿಗಳ ನೋವು ತಿಂಗಳುಗಟ್ಟಲೆ ಉಳಿದು, ಬೆಳಿಗ್ಗೆ ಎದ್ದು ತುಂಬಿದ ಚೊಂಬು ಎತ್ತುವುದೂ ಕಷ್ಟವಾಗುತ್ತಿತ್ತು. ಹಕ್ಕಿಜ್ವರದ ಸುದ್ದಿಯೂ ಅದೇ ವರ್ಷದ್ದಾಗಿತ್ತು. ಹೀಗಾಗಿ ಚಿಕುನ್‌ಗುನ್ಯಾ ಜನರ ಬಾಯಲ್ಲಿ ‘ಚಿಕನ್ ಗುನ್ಯಾ’ ಆಗಿ, ಕೋಳಿಸಾರು ಬಿಟ್ಟರೆ ಸಾಕೆಂದು ನಂಬಿದವರೂ ಇದ್ದರು. ಕೋಳಿಗೂ ಈ ಹೆಸರಿಗೂ ಸಂಬಂಧವಿಲ್ಲ. 1952ರಲ್ಲಿ ಈ ರೋಗ ಮೊದಲು ಗುರುತಾದದ್ದು ಇಂದಿನ ಟಾಂಜಾನಿಯದಲ್ಲಿ. ನೋವಿಗೆ ಮೈ ಬಾಗಿ ಮುದುಡುವುದನ್ನು ಹೇಳುವ ಅಲ್ಲಿಯ ಮಕೊಂಡೆ ಭಾಷೆಯ ಮಾತೇ ರೋಗದ ಹೆಸರಾಯಿತು.

ಭಾರತಕ್ಕೆ ಅದು ಹೊಸದೇನೂ ಆಗಿರಲಿಲ್ಲ. 1963ರಲ್ಲಿ ಕೋಲ್ಕತ್ತ, ಅದರ ಬೆನ್ನಿಗೇ ಚೆನ್ನೈ, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿ ಅದನ್ನು ಕಂಡಿದ್ದವು. ಆಮೇಲೆ ಮೂರು ದಶಕ ಅದರ ಸುಳಿವೇ ಇರಲಿಲ್ಲ. ಆ ಅವಧಿಯಲ್ಲಿ ಹುಟ್ಟಿ ಬೆಳೆದ ತಲೆಮಾರಿನ ರಕ್ತದಲ್ಲಿ ಈ ವೈರಸ್ಸನ್ನು ಎದುರಿಸುವ ಶಕ್ತಿ ಇರಲಿಲ್ಲ. 2005ರ ಕೊನೆಗೆ ಮರಳಿ ಬಂದದ್ದು ಹಳೆಯ ಏಷ್ಯಾ ತಳಿಯೂ ಅಲ್ಲ, ಹಿಂದೂ ಮಹಾಸಾಗರದ ದ್ವೀಪಗಳನ್ನು ಆಗಷ್ಟೇ ಕಾಡಿದ್ದ ಆಫ್ರಿಕಾ ತಳಿ. 2006ರಲ್ಲಿ ದೇಶದಲ್ಲಿ ದಾಖಲಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಏಳೂವರೆ ಲಕ್ಷದಷ್ಟು, ಕರ್ನಾಟಕ ಒಂದರದೇ. ಕಲಬುರಗಿ, ಬೀದರ್, ರಾಯಚೂರು, ಬಳ್ಳಾರಿ, ವಿಜಯಪುರ, ತುಮಕೂರು, ಕೋಲಾರ, ಚಿತ್ರದುರ್ಗ, ದಾವಣಗೆರೆ: ಆರಂಭದಲ್ಲೇ ರೋಗ ಕಾಣಿಸಿದ ಈ ಜಿಲ್ಲೆಗಳ ಪಟ್ಟಿಯನ್ನು ಓದಿದರೆ ಬರಪೀಡಿತ ತಾಲ್ಲೂಕುಗಳ ಪಟ್ಟಿ ನೆನಪಾಗುತ್ತದೆ.

ಸೊಳ್ಳೆ ಎಂದರೆ ಮಳೆ, ಚರಂಡಿ, ಕೊಳಚೆ ಎಂದೇ ನಾವು ಭಾವಿಸುತ್ತೇವೆ. ಚಿಕುನ್‌ಗುನ್ಯಾ ಮತ್ತು ಡೆಂಗಿ ಎರಡನ್ನೂ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಮನೆಯೊಳಗೆ ಹಿಡಿದಿಟ್ಟ ತಿಳಿನೀರು. ಅದು ಕಚ್ಚುವುದೂ ಹಗಲಿನಲ್ಲಿ. ಮಳೆಯ ಹನಿಯನ್ನೂ ಬಿಡದೆ ಒಂದು ಹೊಂಡದಿಂದ ಇನ್ನೊಂದಕ್ಕೆ ಹರಿಸಿ ಕೂಡಿಟ್ಟ ಕೋಟೆ ಚಿತ್ರದುರ್ಗದ್ದು. ನೀರು ಕೂಡಿಡುವುದು ಈ ಸೀಮೆಯ ಜನಕ್ಕೆ ಬದುಕಿನ ಪಾಠ. ದಾವಣಗೆರೆ ನಗರ ಕುಡಿಯುವುದು ತುಂಗಭದ್ರೆಯಿಂದ ಎತ್ತಿದ ನೀರನ್ನು, ಹಾಗೂ ಭದ್ರಾ ನಾಲೆಯಿಂದ ಕುಂದುವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆಗೆ ತುಂಬಿಸಿದ ನೀರನ್ನು. ನಾಲೆ ಬತ್ತಿ ನಲ್ಲಿಯ ಸರದಿ ದೂರವಾದಂತೆಲ್ಲ ಸಂಪು, ಸಿಮೆಂಟ್ ತೊಟ್ಟಿ, ನೀಲಿ ಡ್ರಮ್ಮು, ಕೊನೆಗೆ ಅಡುಗೆಮನೆಯ ಕೊಡಪಾನಗಳವರೆಗೂ ತುಂಬಿಸಿಡುವುದು ಅನಿವಾರ್ಯವಾಗುತ್ತದೆ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಎಂಟು ದಿನಕ್ಕೊಮ್ಮೆ ನೀರು ಬಿಡುವ ಬಡಾವಣೆಯ ಲೆಕ್ಕಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಚಿಕುನ್‌ಗುನ್ಯಾ ತಗ್ಗಿದ ಮೇಲೂ ಅದೇ ಡ್ರಮ್ಮು, ಅದೇ ಸೊಳ್ಳೆ ಡೆಂಗಿಗೆ ದಾರಿಯಾದವು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಂದು ಹೋದವರಿಗೆ ಮುಂದೆ ಇನ್ನೊಂದು ತಗುಲಿದಾಗ ಅಪಾಯ ಹೆಚ್ಚು. ಆದ್ದರಿಂದ ‘ನನಗೆ ಒಮ್ಮೆ ಬಂದು ಹೋಗಿದೆ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಸಂಜೆ ಬೀದಿಯಲ್ಲಿ ಫಾಗಿಂಗ್ ಹೊಗೆ ಎದ್ದರೆ ಏನೋ ಆಗುತ್ತಿದೆ ಎಂಬ ನೆಮ್ಮದಿ ಜನಕ್ಕೂ ಸಿಗುತ್ತದೆ, ವಾರ್ಡಿನ ಸದಸ್ಯರಿಗೂ ಸಿಗುತ್ತದೆ. ಆ ಹೊಗೆ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ತೊಟ್ಟಿಯೊಳಗಿನ ಮರಿಹುಳುವನ್ನಲ್ಲ. ಮರಿಹುಳುವಿಗೆ ಮದ್ದು ಮನೆಮನೆಗೆ ಹೋಗಿ ಡ್ರಮ್ಮಿನ ಮುಚ್ಚಳ ಎತ್ತಿ ನೋಡುವ ಆಶಾ ಕಾರ್ಯಕರ್ತೆಯರ ಲಾರ್ವಾ ಸಮೀಕ್ಷೆ, ಮರಿಹುಳುವನ್ನು ತಿನ್ನುವ ಗಪ್ಪಿ ಮೀನು, ನೀರಿಗೆ ಹಾಕುವ ಟೆಮಿಫಾಸ್ ಎಂಬ ಕೀಟನಾಶಕ. ಡ್ರಮ್ಮನ್ನು ಬರಿದುಮಾಡಿದರಷ್ಟೇ ಸಾಲದು, ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು. ಅಲ್ಲಿ ಅಂಟಿದ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಬಿಟ್ಟ ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200 ರೂಪಾಯಿ ದಂಡ ಗೊತ್ತುಮಾಡಿತು. ದಂಡ ಕಟ್ಟಬೇಕಾದವರು ನೀರು ತುಂಬಿಸಿಟ್ಟುಕೊಂಡವರು; ವಾರಗಟ್ಟಲೆ ನೀರು ಬಿಡದವರ ಮಾತು ಅದರಲ್ಲಿ ಬರುವುದಿಲ್ಲ.